ಮೂಸದೆ ತಂದ ಹೂವು

ಹೋದ ತಿಂಗಳು ನನ್ನ ಬಿ.ಪಿ. ಮಾತ್ರೆ ತರಲೆಂದು ಜಾನ್ಸ್ ಕ್ರೀಕಿನ ಔಷಧಿ ಅಂಗಡಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ಇನ್ನೂ ಇಪ್ಪತ್ತು ನಿಮಿಷ ಆಗುತ್ತದೆ ಎಂದಳು. ಇಪ್ಪತ್ತು ನಿಮಿಷ ಏನು ಮಾಡುವುದು? ಕಪಾಟುಗಳ ಸಾಲಿನಲ್ಲಿ ಅಡ್ಡಾಡತೊಡಗಿದೆ. ವಿಟಮಿನ್ನು, ಮೀನೆಣ್ಣೆ, ನಮ್ಮ ಅಡುಗೆಮನೆಯ ಅರಿಶಿನವನ್ನೇ ಕ್ಯಾಪ್ಸೂಲಿಗೆ ತುಂಬಿಟ್ಟದ್ದು... ಅದರ ಪಕ್ಕದಲ್ಲಿ ಒಂದು ಕಂದು ಬಣ್ಣದ ಸೀಸೆ. ಮೇಲೆ ಉದ್ದನೆಯ ಬಿಳಿ ಹೂಗೊಂಚಲಿನ ಚಿತ್ರ, ಕೆಳಗೆ ಬ್ಲ್ಯಾಕ್ ಕೊಹೋಶ್ ಎಂದು ಹೆಸರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರುವ ಹೆಂಗಸರಿಗೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಎಪ್ಪತ್ತರ ಗಂಡಸು ನಾನು, ನನಗೇತಕ್ಕೆ? ಆದರೂ ಕೈಗೆತ್ತಿಕೊಂಡೆ. ಎತ್ತಿದ ಕೂಡಲೇ ಒಳಗಿನ ಮಾತ್ರೆಗಳು ಗಲಗಲ ಎಂದವು.

ಆ ಸದ್ದಿಗೆ ನನಗೆ ಪಕ್ಕದ್ಮನೆ ಆಂಟಿ ನೆನಪಾದರು.

ಆಗ ನಾವು ಗೈದರ್ಸ್‌ಬರ್ಗಿನಲ್ಲಿದ್ದೆವು. ತೊಂಬತ್ತರ ದಶಕದ ಮೊದಲ ಭಾಗ. ನನಗೆ ಮೂವತ್ತೆಂಟು, ಮಗಳಿಗೆ ಆರು. ರಸ್ತೆ ಕೊನೆಯಾಗುವಲ್ಲಿ ನಮ್ಮ ಮನೆ, ಅದರ ಪಕ್ಕದಲ್ಲಿ ಅವರ ಮನೆ, ಎರಡರ ಹಿಂದೆಯೂ ಓಕ್ ಮತ್ತು ಪಾಪ್ಲರ್ ಮರಗಳ ದಟ್ಟವಾದ ಕಾಡು. ಅಮೆರಿಕಕ್ಕೆ ಬಂದ ಹೊಸದರಲ್ಲಿ ನನಗೆ ತಲೆಗೆ ಹತ್ತದೆ ಉಳಿದದ್ದು ಒಂದೇ ವಿಷಯ. ಇಲ್ಲಿ ಮನೆಗೂ ಮನೆಗೂ ನಡುವೆ ಕಾಂಪೌಂಡ್ ಗೋಡೆ ಇರುವುದಿಲ್ಲ. ಹುಲ್ಲು ಎಲ್ಲರ ಮನೆಯ ಹಿಂದೆಯೂ ಒಂದೇ ಸಮನೆ ಹರಡಿಕೊಂಡಿರುತ್ತದೆ. ಎಲ್ಲಿಗೆ ನಮ್ಮದು ಮುಗಿಯಿತು, ಎಲ್ಲಿಂದ ಅವರದು ಶುರುವಾಯಿತು, ಕಾಡು ಯಾರದು, ಏನೂ ತಿಳಿಯುವುದಿಲ್ಲ. ಎಲ್ಲ ಗೊತ್ತಿದ್ದವರಿಗೆ ಮಾತ್ರ ಗೊತ್ತಿರುತ್ತದೆ.

ನನ್ನದು ಮೈಸೂರಿನ ಅಭ್ಯಾಸ ನೋಡಿ. ನಮ್ಮ ಮನೆಯಲ್ಲಿ ಬೆಳಗಿನ ಪೂಜೆಗೆ ಹೂ ತರುವ ಕೆಲಸ ಏಳನೇ ವಯಸ್ಸಿನಿಂದ ನನ್ನದು. ಕಲಿಸಿದವರು ತಾತ. ಬೆತ್ತದ ಬುಟ್ಟಿ ಹಿಡಿದು ಸೂರ್ಯ ಏಳುವ ಮೊದಲೇ ಬೀದಿ ಸುತ್ತುತ್ತಿದ್ದೆವು. ಕಾಂಪೌಂಡಿನ ಒಳಗಿನ ಹೂ ಮನೆಯವರದು. ಹೊರಗೆ ಬಾಗಿದ ಕೊಂಬೆಯ ಹೂ ಬೇಗ ಎದ್ದವರದು. ದೇವರಿಗೆ ಕೊಯ್ದ ಹೂವನ್ನು ನಮ್ಮ ಬೀದಿಯಲ್ಲಿ ಯಾರೂ ಕಳವು ಎಂದು ಕರೆದದ್ದು ನನಗೆ ನೆನಪಿಲ್ಲ. ತಾತ ಹೇಳಿಕೊಟ್ಟ ಕಟ್ಟಳೆಗಳು ಎರಡು. ಪೂಜೆಗೆಂದು ಕೊಯ್ದ ಹೂವನ್ನು ಮೂಸಬಾರದು, ಮೊದಲ ವಾಸನೆ ದೇವರಿಗೆ. ಮತ್ತೆ, ಗಿಡವನ್ನು ಬೋಳು ಮಾಡಬಾರದು, ಎಷ್ಟೇ ಬೇಕಿದ್ದರೂ ಒಂದನ್ನು ಗಿಡಕ್ಕೆಂದು ಬಿಟ್ಟು ಬರಬೇಕು. ಒಂದು ಸಲ ಕೈಗೆ ಸಿಕ್ಕ ಸಂಪಿಗೆಯನ್ನು ಮೂಗಿನ ಹತ್ತಿರ ಒಯ್ದದ್ದಕ್ಕೆ ತಲೆಯ ಮೇಲೆ ಮೊಟಕಿಸಿಕೊಂಡಿದ್ದೇನೆ. ಆಮೇಲೆ ಈ ಮೂಗು ಹೂವಿನ ತಂಟೆಗೆ ಹೋಗಲಿಲ್ಲ.

ಗೈದರ್ಸ್‌ಬರ್ಗಿನಲ್ಲೂ ನಾನು ಬಿಡಲಿಲ್ಲ. ಅಂಗಡಿಯ ಪ್ಲಾಸ್ಟಿಕ್ ಸುತ್ತಿದ ಹೂವೆಂದರೆ ನನ್ನ ಹೆಂಡತಿಗೆ ಆಗುತ್ತಿರಲಿಲ್ಲ. “ಅದು ಆಸ್ಪತ್ರೆಗೆ ತಗೊಂಡ್ ಹೋಗೋ ಹೂವು ಕಣ್ರೀ, ದೇವ್ರೇನು ಅಡ್ಮಿಟ್ ಆಗಿದಾನಾ?” ಎನ್ನುತ್ತಿದ್ದಳು. ಹಾಗಾಗಿ ಬೆಳಿಗ್ಗೆ ಐದೂವರೆಗೆ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು, ಕೈಯಲ್ಲಿ ದಿನಸಿ ಅಂಗಡಿಯ ಚೀಲ ಹಿಡಿದು ಹೊರಡುತ್ತಿದ್ದೆ. ನಮ್ಮ ಅಂಗಳದ ಹೈಡ್ರೇಂಜಿಯಾ, ರಸ್ತೆ ಬದಿಯ ನೀಲಿ ಚಿಕರಿ, ಯಾರೂ ನೆಡದ ಡೇ ಲಿಲಿ, ಕಂಡದ್ದೆಲ್ಲ ಚೀಲಕ್ಕೆ.

ಆ ಹೊತ್ತಿನಲ್ಲಿ ನಮ್ಮ ಬೀದಿಯಲ್ಲಿ ಎದ್ದಿರುತ್ತಿದ್ದವರು ಇನ್ನೊಬ್ಬರೇ. ಪಕ್ಕದ್ಮನೆ ಆಂಟಿ. ಎಪ್ಪತ್ತು ದಾಟಿದ, ಎತ್ತರದ ಆಳು. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಬಸ್ ಬಿಟ್ಟರೂ ಬಸ್ಸಿನ ಹೊತ್ತು ಬಿಟ್ಟಿರಲಿಲ್ಲ, ಐದು ಗಂಟೆಗೇ ಎದ್ದು ಹಿಂದಿನ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂರುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹುಟ್ಟಿ ಬೆಳೆದದ್ದು ನಾರ್ತ್ ಕ್ಯಾರೊಲೈನಾದ ಬೆಟ್ಟದ ಸೀಮೆಯಲ್ಲಿ. ಮಾತು ಎಳೆದು ಎಳೆದು, ಪದಕ್ಕೊಂದು ಬಾಲ ಹಚ್ಚಿದ ಹಾಗೆ. ಅವರ ಇಂಗ್ಲಿಷನ್ನು ಇಲ್ಲಿ ನಮ್ಮ ಮಾತಿನಲ್ಲೇ ಹೇಳುತ್ತೇನೆ, ಆ ಎಳೆತವನ್ನು ನೀವೇ ಸೇರಿಸಿಕೊಳ್ಳಿ.

ಮೊದಲ ಸಲ ನನ್ನನ್ನು ಕಂಡಾಗ ಮೆಟ್ಟಿಲ ಮೇಲಿಂದಲೇ ಕೇಳಿದ್ದರು.

“ಆ ಹೂವೆಲ್ಲ ಯಾರಿಗೆ?”

“ದೇವರಿಗೆ.”

“ದಿನಾನೂ?”

“ದಿನಾನೂ.”

ಒಂದು ಗುಟುಕು ಕಾಫಿ ಕುಡಿದು ಹೇಳಿದರು, “ನಲವತ್ತು ವರ್ಷ ಸಂಸಾರ ಮಾಡಿದೆ ಕಣಪ್ಪ. ನಿಮ್ಮ ದೇವರಿಗೆ ಒಂದು ವಾರದಲ್ಲಿ ಸಿಕ್ಕಷ್ಟು ಹೂ ನನಗೆ ಸಿಗಲಿಲ್ಲ.”

ಅಲ್ಲಿಂದ ಪರಿಚಯ. ನನ್ನ ಮಗಳು ಅವರನ್ನು ಆಂಟಿ ಎಂದಳು, ನಾನೂ ಆಂಟಿ ಎಂದೆ. ಅವರಿಗೆ ಅದು ಹಿಡಿಸಿತ್ತು.

ತೊಂಬತ್ಮೂರರಲ್ಲಿ ಭೀಮನ ಅಮಾವಾಸ್ಯೆ ಜುಲೈ ಮಧ್ಯದಲ್ಲೇ ಬಂತು. ಹೆಂಡತಿ ಗಂಡನ ಆಯಸ್ಸಿಗೆಂದು ಮಾಡುವ ಪೂಜೆ ಅದು. ಎರಡು ದೀಪದ ಕಂಬ ಮಾಡಿಟ್ಟು ಅವಕ್ಕೆ ಪೂಜೆ, ಆಮೇಲೆ ಗಂಡನ ಪಾದಕ್ಕೆ. ಹಬ್ಬವೆಂದು ಆಫೀಸು ರಜೆ ಕೊಡುತ್ತದೆಯೇ? ಪೂಜೆಯನ್ನು ಸಂಜೆಗೆ ಇಟ್ಟುಕೊಂಡೆವು. ಅರವತ್ತರ ದಶಕದ ಕೊನೆಯಲ್ಲೇ ಬಂದು ನೆಲೆ ನಿಂತಿದ್ದ ಡಾಕ್ಟರ್ ಅಂಕಲ್ ದಂಪತಿಗಳನ್ನು ಊಟಕ್ಕೆ ಕರೆದಿದ್ದೆವು. ಇಂಥ ದಿನ ಡೇ ಲಿಲಿಯಲ್ಲಿ ಮುಗಿಸುವುದು ಹೇಗೆ? ಬೆಳಿಗ್ಗೆ ಎಂದಿಗಿಂತ ಸ್ವಲ್ಪ ದೂರ, ಕಾಡಿನೊಳಕ್ಕೆ ಕಾಲಿಟ್ಟೆ.

ಅಲ್ಲಿ ಅವು ನಿಂತಿದ್ದವು. ಮರಗಳ ಕೆಳಗೆ ಇನ್ನೂ ಮಬ್ಬು. ಆ ಮಬ್ಬಿನಲ್ಲಿ ನನ್ನ ತಲೆಗಿಂತ ಎತ್ತರಕ್ಕೆ, ನೆಟ್ಟಗೆ, ಬೆಳ್ಳಗೆ ಆರು ಕಂಬ, ಅವುಗಳ ಮಗ್ಗುಲಲ್ಲಿ ಗಿಡ್ಡನೆಯದೊಂದು. ಬುಡದ ಕಡೆ ಹೂವೆಲ್ಲ ಅರಳಿ ಎಳೆ ಎಳೆಯಾಗಿ ಹತ್ತಿಯ ಹಾಗಿತ್ತು, ತುದಿಯಲ್ಲಿ ಇನ್ನೂ ಮುತ್ತು ಪೋಣಿಸಿದಂಥ ಮೊಗ್ಗು. ದೀಪದ ಕಂಬದ ಹಬ್ಬಕ್ಕೆ ಕಾಡೇ ದೀಪದ ಕಂಬ ಮಾಡಿಟ್ಟಿದೆಯಲ್ಲ ಎನ್ನಿಸಿತು. ಕತ್ತರಿ ತೆಗೆದು ಒಂದೊಂದಾಗಿ ಆರು ಕೊಯ್ದೆ. ಏಳನೆಯದು ಸೊಂಟದೆತ್ತರದ ಬಡಕಲು. ತಾತನ ಮಾತು ಕೈ ಹಿಡಿಯಿತು, ಅದನ್ನು ಗಿಡಕ್ಕೆ ಬಿಟ್ಟೆ. ಇನ್ನೊಂದು ಕಟ್ಟಳೆಯನ್ನೂ ಮೀರಲಿಲ್ಲ. ಮೂಸಲಿಲ್ಲ.

ಅಂದು ಆಂಟಿ ಮೆಟ್ಟಿಲ ಮೇಲೆ ಇರಲಿಲ್ಲ. ಹಿಂದಿನ ದಿನ ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದರು. ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹೂಗಳನ್ನು ಗ್ಯಾರೇಜಿನಲ್ಲಿ ಒಂದು ಬಕೆಟ್ ನೀರಿನಲ್ಲಿ ನಿಲ್ಲಿಸಿ ಬಾಗಿಲು ಹಾಕಿಕೊಂಡು ಆಫೀಸಿಗೆ ಹೋದೆ. ಜುಲೈ ತಿಂಗಳು, ಮುಚ್ಚಿದ ಗ್ಯಾರೇಜು, ಹತ್ತು ಗಂಟೆ. ಸಂಜೆ ಬಂದವನೇ ಸ್ನಾನ ಮಾಡಿ ಬಕೆಟ್ಟನ್ನು ಹಾಗೇ ದೇವರ ಮುಂದೆ ತಂದಿಟ್ಟೆ. ಹೆಂಡತಿ ಚಪಾತಿ ಹಿಟ್ಟಿನಲ್ಲೇ ದೀಪದ ಕಂಬ ಮಾಡಿದ್ದಳು. ಅವುಗಳ ಹಿಂದೆ ಬಕೆಟ್ಟಿನಲ್ಲಿ ಆರು ಹೂಗಂಬ.

“ಅಬ್ಬಾ, ಏನ್ರೀ ಇದು! ಎಲ್ಲಿ ಸಿಕ್ತು?”

“ಹಿಂದ್ಗಡೆ ಕಾಡಲ್ಲಿ. ಕೇಳೋರಿಲ್ಲ.”

ಊದುಬತ್ತಿ ಹಚ್ಚಿದ್ದರಿಂದ ಮೊದಲ ಹತ್ತು ನಿಮಿಷ ಏನೂ ಗೊತ್ತಾಗಲಿಲ್ಲ. ಆಮೇಲೆ ನಿಧಾನವಾಗಿ... ಹೇಗೆ ಹೇಳಲಿ? ಹಳಸಿದ ಪಾಯಸಕ್ಕೆ ಅತ್ತರು ಸುರಿದ ಹಾಗೆ. ಡಾಕ್ಟರ್ ಅಂಕಲ್ ಒಂದು ಸಲ ತಮ್ಮ ಕಾಲುಚೀಲ ನೋಡಿಕೊಂಡರು. ಅವರ ಹೆಂಡತಿ ಸೆರಗಿನ ತುದಿಯನ್ನು ಮೂಗಿಗೆ ತಂದರು. ನನ್ನ ಹೆಂಡತಿ ಮಂತ್ರದ ನಡುವೆಯೇ ಕಣ್ಣಿನಲ್ಲಿ ಫ್ರಿಜ್ಜಿನ ಕಡೆ ತೋರಿಸಿದಳು. ನಾನು ಎದ್ದು ಹೋಗಿ ಮೂಸಿ ಬಂದೆ, ಫ್ರಿಜ್ ಸರಿಯಾಗಿತ್ತು.

“ನಿಮ್ಮ ಏಸಿ ಡಕ್ಟಲ್ಲಿ ಏನೋ ಸತ್ತಿದೆ ಕಣಯ್ಯ,” ಎಂದರು ಅಂಕಲ್. “ನಮ್ಮನೇಲೂ ಹೀಗೇ ಆಗಿತ್ತು. ಅಳಿಲು. ನಾಳೆ ಫಸ್ಟ್ ಥಿಂಗ್ ಯಾರಿಗಾದ್ರೂ ಫೋನ್ ಮಾಡು.”

“ರೀ, ಪೂಜೆ ಹೊತ್ತಲ್ಲಿ ಸತ್ತಿದ್ದು ಗಿತ್ತಿದ್ದು ಅಂತೀರಲ್ಲ,” ಎಂದು ಅವರ ಹೆಂಡತಿ ಗದರಿಸಿದರು.

ಅಷ್ಟರಲ್ಲಿ ಮಗಳು ಬಕೆಟ್ಟಿನ ಹತ್ತಿರ ಹೋಗಿ ಹೂವಿಗೆ ಮುಖವಿಟ್ಟಳು.

“ಅಯ್ಯೋ ಪುಟ್ಟಿ! ದೇವ್ರ ಹೂ ಮೂಸ್ಬಾರ್ದು!”

“ಬಟ್ ಅಪ್ಪಾ, ಇಟ್ಸ್ ದ ಫ್ಲವರ್. ಇಟ್ ಸ್ಟಿಂಕ್ಸ್!”

ಎಲ್ಲರೂ ಹತ್ತಿರ ಹೋಗಿ ನೋಡಿದೆವು. ಹೂವಿನ ತುಂಬ ಸಣ್ಣ ಸಣ್ಣ ನೊಣ. ಡಾಕ್ಟರ್ ಅಂಕಲ್ ಸೋಫಾದ ಮೇಲೆ ಬಿದ್ದು ನಕ್ಕರು. ಗಂಡನ ಆಯಸ್ಸಿಗೆಂದು ಕೂತವಳು, “ಆಯಸ್ಸು ಆಮೇಲೆ, ಮೊದ್ಲು ಇದನ್ನ ಹೊರಗೆ ಹಾಕಿ,” ಎಂದಳು. ಬಕೆಟ್ಟನ್ನು ಎತ್ತಿಕೊಂಡು ಓಡಿದೆ. ಮರುದಿನ ಕಸದ ಲಾರಿ ಬರುವ ದಿನವಾದ್ದರಿಂದ ಡಬ್ಬ ಆಗಲೇ ರಸ್ತೆಯಂಚಿನಲ್ಲಿತ್ತು. ಆರನ್ನೂ ಅದರಲ್ಲಿ ತುರುಕಿದೆ. ಉದ್ದ ಜಾಸ್ತಿ, ಮುಚ್ಚಳ ಮುಚ್ಚಲಿಲ್ಲ. ಬಿಳಿಯ ತುದಿಗಳು ಹೊರಗೇ ಇದ್ದವು.

ಬೆಳಿಗ್ಗೆ ಏಳಕ್ಕೆ ಬೆಲ್ ಆಯಿತು. ಟೈ ಕಟ್ಟಿಕೊಳ್ಳುತ್ತ ಬಾಗಿಲು ತೆಗೆದೆ. ಆಂಟಿ. ಒಂದು ಕಣ್ಣಿಗೆ ಪಟ್ಟಿ, ಕೈಯಲ್ಲಿ ಆರರಲ್ಲಿ ಒಂದು ಹೂಗಂಬ. ಪೇಪರ್ ತರಲು ಹೋದವರು ಡಬ್ಬ ನೋಡಿದ್ದರು.

“ಇದು ಎಲ್ಲಿ ಸಿಕ್ಕಿತು?”

“ಕಾಡಿನಲ್ಲಿ, ಆಂಟಿ. ಯಾರದೂ ಅಲ್ಲದ ಜಾಗ...”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹುಲ್ಲು ಮುಗಿದು ಮರ ಶುರುವಾಗುವಲ್ಲಿ ಶೂ ತುದಿಯಿಂದ ಎಲೆ ಸರಿಸಿದರು. ನೆಲದಲ್ಲಿ ಹುಗಿದ ಒಂದು ಕಬ್ಬಿಣದ ಗೂಟ, ಮೇಲೆ ಮಾಸಿದ ಕಿತ್ತಳೆ ಬಣ್ಣದ ಪಟ್ಟಿ. ಅದರಿಂದ ಆಚೆಗೆ ಕಾಡು ನೂರಡಿವರೆಗೂ ಅವರದು. ಐದು ವರ್ಷದಿಂದ ಅಲ್ಲೇ ಓಡಾಡುತ್ತಿದ್ದ ನನಗೆ ಆ ಗೂಟ ಕಂಡಿರಲಿಲ್ಲ.

ಆಮೇಲೆ ತಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದರು. ಆ ಗಿಡ ತಾನಾಗಿ ಹುಟ್ಟಿದ್ದಲ್ಲ. ತಾಯಿಯ ಮನೆಯ ಹಿಂದಿನ ಕಣಿವೆಯಿಂದ ಎಂಟು ವರ್ಷದ ಹಿಂದೆ ಒಂದು ತುಂಡು ಬೇರನ್ನು ಬ್ರೆಡ್ಡಿನ ಕವರಿನಲ್ಲಿ ಸುತ್ತಿ ತಂದು ನೆಟ್ಟದ್ದು. ಕಣಿವೆಯಲ್ಲಿ ಈಗ ಅದು ಒಂದೂ ಇಲ್ಲ. ಬೇರಿಗೆ ಔಷಧಿಯವರಿಂದ ಬೇಡಿಕೆ ಬಂದು ಅಗೆಯುವವರು ಅಗೆದು ಮುಗಿಸಿದ್ದರು. ಅಲ್ಲಿ ಒಂದು ಊರಿನ ಆರೈಕೆ ಮನೆಯಲ್ಲಿ ಆಂಟಿಯ ಅಕ್ಕ ಇದ್ದರು. ಸಕ್ಕರೆ ಕಾಯಿಲೆಯಿಂದ ಎರಡು ಕಣ್ಣೂ ಹೋಗಿದ್ದವು. ಈ ಗಿಡದ ಕಾಯಿ ಅಕ್ಟೋಬರಿನಲ್ಲಿ ಒಣಗಿ, ಗಾಳಿ ಬೀಸಿದರೆ ಗಲಗಲ ಎನ್ನುತ್ತದೆ. ಅಕ್ಕನಿಗೆ ಸಾಯುವ ಮೊದಲು ಒಂದು ಸಲ ಆ ಸದ್ದು ಕೇಳಬೇಕಿತ್ತು. ತರುತ್ತೇನೆ ಎಂದು ತಂಗಿ ಮಾತು ಕೊಟ್ಟಿದ್ದರು. ಹಿಂದಿನ ವರ್ಷ ಒಂದೇ ಒಂದು ಕಂಬ ಬಂದು ಬಿರುಗಾಳಿಗೆ ಮುರಿದಿತ್ತು. ಈ ವರ್ಷ ಏಳು ಬಂದಿದ್ದವು.

“ಗಿಡಕ್ಕೇನೂ ಆಗೋದಿಲ್ಲ,” ಎಂದರು. “ಬರೋ ವರ್ಷ ಮತ್ತೆ ಹೂ ಬಿಡುತ್ತೆ. ಆದರೆ ಅಕ್ಕನಿಗೆ ಬರೋ ವರ್ಷ ಇದೆ ಅಂತ ಡಾಕ್ಟರು ಹೇಳಲಿಲ್ಲ.”

“ಏಳರಲ್ಲಿ ಒಂದು ಇದೆ, ಆಂಟಿ,” ಎಂದೆ.

ಇಬ್ಬರೂ ಹೋಗಿ ನೋಡಿದೆವು. ಬಡಕಲು, ಸೊಂಟದೆತ್ತರ, ಆದರೆ ನಿಂತಿತ್ತು. ಇದನ್ನು ಯಾಕೆ ಬಿಟ್ಟೆ ಎಂದು ಕೇಳಿದರು. ತಾತನ ಕಟ್ಟಳೆ ಹೇಳಿದೆ. ಅವರು ಒಂಟಿ ಕಣ್ಣಿನಲ್ಲಿ ಗಿಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ನಿಮ್ಮ ತಾತ ನನಗೊಂದು ಉಳಿಸಿಕೊಟ್ಟಿದ್ದಾರೆ. ಅಕ್ಟೋಬರಿನ ತನಕ ಅದನ್ನ ಕಾಯೋದು ನಿನ್ನ ಕೆಲಸ.”

ಕಾದೆ. ಅವತ್ತಿನಿಂದ ನನ್ನ ಬೆಳಗಿನ ಹೂವಿನ ಸುತ್ತಾಟ ಬದಲಾಯಿತು. ದೇವರಿಗೆ ಹೈಡ್ರೇಂಜಿಯಾ ಸಾಕಾಯಿತು, ಮೊದಲು ಗೂಟ ದಾಟಿ ಬಡಕಲನ್ನು ನೋಡಿ ಬರುವುದು. ಟೊಮೆಟೊ ಗಿಡಕ್ಕೆ ಇಡುವ ತಂತಿಯ ಪಂಜರ ತಂದು ಸುತ್ತ ಇಟ್ಟೆ. ಹುಲ್ಲು ಕತ್ತರಿಸುವವರಿಗೆ ಕಾಣಲೆಂದು ಹೆಂಡತಿಯ ಹಳೆಯ ಸೀರೆಯ ಕೆಂಪು ಅಂಚು ಹರಿದು ಕಟ್ಟಿದೆ. ಕೌಂಟಿ ಲೈಬ್ರರಿಗೆ ಹೋಗಿ ಪುಸ್ತಕ ಹುಡುಕಿ ಓದಿದೆ, ಬ್ಲ್ಯಾಕ್ ಕೊಹೋಶ್ ಎಂದು ಹೆಸರಿತ್ತು. ನಮ್ಮ ಅಂಗಳದಲ್ಲಿ ಕಾಲಿಗೆ ಸಿಗುವ ಗೇಣುದ್ದದ ಹಳದಿ ಬಟರ್‌ಕಪ್ಪಿನ ಕುಟುಂಬವಂತೆ ಇದು. ಏಳಡಿಯ ಆಳಿಗೂ ಗೇಣುದ್ದದ ಹೂವಿಗೂ ನೆಂಟಸ್ತಿಕೆ! ವಾಸನೆಗೆ ನೊಣ ಬಂದೇ ಕಾಯಿ ಕಟ್ಟಬೇಕು ಎಂದೂ ಬರೆದಿತ್ತು. ನಮ್ಮ ಮನೆಯನ್ನು ಹಾಳು ಮಾಡಿದ ವಾಸನೆಯೇ ಅದರ ಬದುಕು. ಹೂ ಉದುರಿತು, ಹಸಿರು ಕಾಯಿ ಬಂತು. ಲೆಕ್ಕ ಹಾಕಿದರೆ ಹದಿನೆಂಟೇ ಕಾಯಿ.

ಆಗಸ್ಟಿನ ಕೊನೆಯಲ್ಲಿ ಒಂದು ಮಧ್ಯಾಹ್ನ ಗಾಳಿ ಮಳೆ ಬಂತು. ಆಫೀಸಿನಿಂದ ಓಡಿ ಬರುವಷ್ಟರಲ್ಲಿ ಪಾಪ್ಲರಿನ ಒಂದು ರೆಂಬೆ ಬಿದ್ದು ಪಂಜರ ಸೊಟ್ಟಗಾಗಿತ್ತು. ದಂಟು ನಡುವಿನಲ್ಲಿ ಬಾಗಿ ಅರ್ಧ ಸೀಳಿತ್ತು. ನಾನು ನೆಲದ ಮೇಲೆ ಕೂತುಬಿಟ್ಟೆ. ಮಗಳು ಒಳಗೆ ಹೋಗಿ ಎರಡು ಐಸ್ ಕ್ಯಾಂಡಿ ಕಡ್ಡಿ ಮತ್ತು ಬ್ಯಾಂಡೇಡಿನ ಪೊಟ್ಟಣ ತಂದಳು.

“ಅಪ್ಪಾ, ನಾನು ಫಿಕ್ಸ್ ಮಾಡ್ತೀನಿ. ಯು ಹೋಲ್ಡ್ ಇಟ್.”

ನಾನು ಹಿಡಿದುಕೊಂಡೆ, ಅವಳು ಕಟ್ಟಿದಳು. ಕಾರ್ಟೂನ್ ಚಿತ್ರದ ಬ್ಯಾಂಡೇಡು, ಐದು ಸುತ್ತು. ಆಂಟಿ ಮೆಟ್ಟಿಲಿಂದ ಇಳಿದು ಬಂದು ನೋಡಿ, ಆಸ್ಪತ್ರೆಯಲ್ಲೂ ಇಷ್ಟು ಚೆನ್ನಾಗಿ ಕಟ್ಟುವುದಿಲ್ಲ ಎಂದರು. ಮೂರು ದಿನ ಎಲೆ ಬಾಡಿತ್ತು. ನಾಲ್ಕನೆಯ ದಿನ ಎದ್ದಿತು.

ಅಕ್ಟೋಬರಿನ ಎರಡನೇ ವಾರ, ಬೆಳಿಗ್ಗೆ, ಗಾಳಿಗೆ ಸಣ್ಣದಾಗಿ ಗಲಗಲ ಕೇಳಿತು. ಕಾಯಿಗಳು ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಬೀಜ ಉದುರದಿರಲೆಂದು ನನ್ನ ಹಳೆಯ ಪಂಚೆಯ ತುಂಡನ್ನು ಸಡಿಲವಾಗಿ ಸುತ್ತಿ ದಾರ ಕಟ್ಟಿದೆ. ಆಂಟಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಹೈವೇ ಓಡಿಸುವ ಧೈರ್ಯವಿರಲಿಲ್ಲ. ಮೂವತ್ತು ವರ್ಷ ಊರ ಮಕ್ಕಳನ್ನೆಲ್ಲ ಕೂರಿಸಿಕೊಂಡು ಓಡಿಸಿದವರು ನನ್ನನ್ನು ಕೇಳಲು ಎರಡು ದಿನ ತೆಗೆದುಕೊಂಡರು. ಕೇಳಿದ ದಿನವೇ ಶುಕ್ರವಾರಕ್ಕೆ ರಜೆ ಹಾಕಿದೆ.

ಎಂಬತ್ತೊಂದನೇ ಹೈವೇ ಹಿಡಿದು ವರ್ಜೀನಿಯಾ ಪೂರ್ತಿ ದಾಟಿ ಕೆಳಗಿಳಿಯಬೇಕು, ಒಂಬತ್ತು ಗಂಟೆಯ ದಾರಿ. ದಂಟನ್ನು ಹಿಂದಿನ ಸೀಟಿನಲ್ಲಿ ಮಲಗಿಸೋಣ ಎಂದೆ. ಅವರು ಒಪ್ಪಲಿಲ್ಲ. ಮೊಣಕಾಲ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು, ಎರಡು ಕೈಯಲ್ಲಿ ಹಿಡಿದು ಕೂತರು. ಹಾಗೇ ಒಂಬತ್ತು ಗಂಟೆ. ರಸ್ತೆ ಕುಲುಕಿದಾಗಲೆಲ್ಲ ಪಂಚೆಯೊಳಗಿಂದ ಗಲಗಲ. ಮಧ್ಯಾಹ್ನ ರೆಸ್ಟ್ ಏರಿಯಾದಲ್ಲಿ ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆ ಬಿಚ್ಚಿದೆ. ಒಂದು ತುತ್ತು ತಿಂದು, “ಕಡ್ಲೆಕಾಯಿ ಬೀಜ ಇದೆ ಅಂದಮೇಲೆ ಇದು ನಮ್ಮ ಕಡೆ ಊಟಾನೇ,” ಎಂದರು. ಖಾರಕ್ಕೆ ಮೂಗು ಸೋರುತ್ತಿದ್ದರೂ ಡಬ್ಬಿ ಖಾಲಿ ಮಾಡಿದರು.

ಆರೈಕೆ ಮನೆ ತಲುಪುವಾಗ ಸಂಜೆ ಐದು. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಆಂಟಿಯ ಅದೇ ಎತ್ತರ, ಆದರೆ ಮಡಿಸಿಟ್ಟ ಹಾಗೆ. ಕಾಲಿಗೆ ಉಣ್ಣೆಯ ಚೀಲ, ಎರಡು ಪಾದವೂ ನೆಲದ ಮೇಲೆ. ನೋಡಿಕೊಳ್ಳುವ ಹೆಂಗಸು ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಮೆಲ್ಲಗೆ ಎಚ್ಚರಿಸಿದಳು. ಮೂರು ವಾರದಿಂದ ಮಾತೇ ಇಲ್ಲ, ಯಾರು ಬಂದರೂ ಗುರುತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಆಂಟಿ ಹೆಸರು ಹಿಡಿದು ಕೂಗಲಿಲ್ಲ. ನಾನು ಬಂದಿದ್ದೇನೆ ಎನ್ನಲಿಲ್ಲ. ಪಂಚೆಯ ದಾರ ಬಿಚ್ಚಿದರು. ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ ಎಂದುಕೊಂಡಿದ್ದೆ. ಎಪ್ಪತ್ತೆರಡರ ಹೆಂಗಸು, ಗೋಡೆ ಹಿಡಿದು, ಸದ್ದಿಲ್ಲದೆ ನೆಲದ ಮೇಲೆ ಮಂಡಿಯೂರಿದರು. ದಂಟನ್ನು ಕುರ್ಚಿಯ ಕೆಳಗೆ, ಅಕ್ಕನ ಹಿಮ್ಮಡಿಯ ಹತ್ತಿರ ತೂರಿಸಿದರು. ಒಂದು ಸಲ ಅಲ್ಲಾಡಿಸಿದರು.

ಗಲಗಲ.

ಅಕ್ಕ ಎರಡು ಕಾಲನ್ನೂ ಸರಕ್ಕನೆ ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡರು. ಆರೈಕೆಯವಳು ಬಾಯಿಗೆ ಕೈಯಿಟ್ಟುಕೊಂಡಳು. ಆಮೇಲೆ ಆ ಮುದುಕಿ, ಮೂರು ವಾರದಿಂದ ತೆರೆಯದ ಬಾಯಿ ತೆರೆದು ಕಿರುಚಿದರು.

“ತಾಳು, ಅಮ್ಮನಿಗೆ ಹೇಳ್ತೀನಿ!”

“ಹೋಗು, ಹೇಳ್ಕೋ ಹೋಗು,” ಎಂದರು ಆಂಟಿ, ನೆಲದಿಂದಲೇ.

ಆ ಬೆಟ್ಟಗಳಲ್ಲಿ ಬಾಲ ಅಲ್ಲಾಡಿಸಿ ಸದ್ದು ಮಾಡುವ ವಿಷದ ಹಾವಿದೆ. ಒಣಗಿದ ಈ ಕಾಯಿಯದೂ ಅದೇ ಸದ್ದು. ಚಿಕ್ಕವಳು ಪೊದೆಯಲ್ಲಿ ಅಡಗಿ, ದೊಡ್ಡವಳು ನೀರಿಗೆ ಹೋಗುವಾಗ ಕಾಲ ಹತ್ತಿರ ಅಲ್ಲಾಡಿಸುತ್ತಿದ್ದಳಂತೆ. ಪ್ರತಿ ಅಕ್ಟೋಬರಿನಲ್ಲೂ. ದೊಡ್ಡವಳು ಪ್ರತಿ ಸಲವೂ ಹೆದರುತ್ತಿದ್ದಳಂತೆ. ಇದನ್ನೆಲ್ಲ ಅವರು ನನಗೆ ಹೇಳಿದ್ದು ಆಮೇಲೆ. ಆಗ ನನಗೆ ಕಂಡದ್ದು ಇಷ್ಟೇ, ಇಬ್ಬರು ಮುದುಕಿಯರು, ಒಬ್ಬರು ಕುರ್ಚಿಯ ಮೇಲೆ ಕಾಲು ಮಡಚಿಕೊಂಡು, ಇನ್ನೊಬ್ಬರು ನೆಲದ ಮೇಲೆ ಕೂತು, ಉಸಿರು ಸಿಗದ ಹಾಗೆ ನಗುತ್ತಿದ್ದರು. ನಾನು ಹೊರಗೆ ಬಂದು ಕಾರಿನ ಹತ್ತಿರ ನಿಂತೆ.

ಮರುದಿನ ಕಣಿವೆಗೆ ಹೋದೆವು. ಹಂದಿ ಬಗೆದ ಹಾಗೆ ನೆಲದ ತುಂಬ ಗುಳಿ. ಆಂಟಿ ಕಾಯಿ ಒಡೆದು ಬೀಜ ಉದುರಿಸುತ್ತ ಹೋದರು, ನಾನು ಹಿಂದಿನಿಂದ ಕೈಯಲ್ಲಿ ಎಲೆ ಎಳೆದು ಮುಚ್ಚುತ್ತ ಹೋದೆ. ಕೊನೆಗೆ ಒಂದು ಚಿಟಿಕೆಯಷ್ಟು ನನ್ನ ಅಂಗೈಗೆ ಹಾಕಿದರು.

“ಇದು ನಿನ್ನ ಪಾಲು. ಎರಡು ಚಳಿಗಾಲ ಕಾಯಬೇಕು. ಒಂದಲ್ಲ, ಎರಡು.”

ಜನವರಿಯಲ್ಲಿ ಅಕ್ಕ ತೀರಿಕೊಂಡರು. ಪೇಪರ್ ತೆಗೆದುಕೊಳ್ಳುವಾಗ ಆಂಟಿ ಹುಲ್ಲಿನ ಆಚೆಯಿಂದ ಒಂದೇ ಮಾತಿನಲ್ಲಿ ಹೇಳಿ ಒಳಗೆ ಹೋದರು.

ನನ್ನ ಪಾಲಿನ ಬೀಜವನ್ನು ಒಂದು ಕುಂಡದಲ್ಲಿ ಹಾಕಿದ್ದೆ. ಮೊದಲ ವಸಂತದಲ್ಲಿ ಏನೂ ಬರಲಿಲ್ಲ. ಎರಡನೆಯ ಚಳಿಗಾಲ ಇನ್ನೂ ಮುಗಿಯದಿರುವಾಗ ನನಗೆ ಈ ಜಾನ್ಸ್ ಕ್ರೀಕಿನ ಪಕ್ಕದ ಅಲ್ಫರೆಟಾದಲ್ಲಿ ಕೆಲಸ ಸಿಕ್ಕಿತು. ತೊಂಬತ್ತೈದರ ಮಾರ್ಚಿ. ಸಾಮಾನು ಸಾಗಿಸುವ ಲಾರಿಯವರು ಮಣ್ಣಿರುವ ಕುಂಡ ಒಯ್ಯುವುದಿಲ್ಲ ಎಂದರು. ಕಾರಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಒಂದು ಟಿ.ವಿ., ಎರಡು ಕುಕ್ಕರು, ದೇವರ ಪೆಟ್ಟಿಗೆ, ಮಗಳ ಗೊಂಬೆ... ಜಾಗವಿಲ್ಲ ಎಂದುಕೊಂಡೆ. ಬೆದಕಿ ನೋಡಿದೆ, ಮೊಳಕೆಯ ಸುಳಿವಿಲ್ಲ. ಗೂಟದ ಹತ್ತಿರ ಮಣ್ಣು ಸುರಿದು ಖಾಲಿ ಕುಂಡ ತಂದೆ. ಆಂಟಿಗೆ ಹೇಳಲಿಲ್ಲ. ಹೊರಡುವ ದಿನ ಅವರು ಕೇಳಿದ್ದು ಬೇರೆಯೇ.

“ಇನ್ನು ಬೆಳಿಗ್ಗೆ ಐದೂವರೆಗೆ ನಾನು ಯಾರನ್ನು ನೋಡಿ ನಗಲಿ?”

ಮೂರು ವರ್ಷ ಕ್ರಿಸ್‌ಮಸ್ಸಿಗೆ ಕಾರ್ಡು ಬಂತು. ನಾಲ್ಕನೆಯ ವರ್ಷ ಬರಲಿಲ್ಲ. ಫೋನ್ ಮಾಡಿದರೆ ಆ ನಂಬರ್ ಈಗ ಚಾಲ್ತಿಯಲ್ಲಿಲ್ಲ ಎಂದು ಯಂತ್ರದ ದನಿ. ಡಾಕ್ಟರ್ ಅಂಕಲ್‌ಗೆ ಹೇಳಿ ವಿಚಾರಿಸಿದೆ. ಬೇಸಿಗೆಯಲ್ಲೇ ತೀರಿಕೊಂಡರಂತೆ, ಮನೆ ಮಾರಾಟವಾಯಿತಂತೆ. ಬೆಟ್ಟಕ್ಕೆ ಒಯ್ದು ಅಕ್ಕನ ಪಕ್ಕದಲ್ಲಿ ಮಣ್ಣು ಮಾಡಿರಬೇಕು. ಅದೂ ನನ್ನ ಊಹೆಯೇ...

ತೊಂಬತ್ತೊಂಬತ್ತರ ಜುಲೈಯಲ್ಲಿ ಡಾಕ್ಟರ್ ಅಂಕಲ್ ಮಗಳ ಮದುವೆಗೆಂದು ಗೈದರ್ಸ್‌ಬರ್ಗಿಗೆ ಹೋದೆವು. ಬೆಳಿಗ್ಗೆ ಬೇಗ ಎಚ್ಚರವಾಯಿತು. ಹಳೆಯ ಬೀದಿಗೆ ಹೋಗಿ ಕಾರು ನಿಲ್ಲಿಸಿ, ಕೇಳದೆಯೇ ಹಿತ್ತಲಿನ ಕಡೆ ನಡೆದೆ. ಆಂಟಿಯ ಗಿಡವಿದ್ದ ಕಡೆ ಯಾರೋ ಮಕ್ಕಳಿಗೆ ಉಯ್ಯಾಲೆ ಹಾಕಿದ್ದರು, ನೆಲ ತುಳಿದು ಗಟ್ಟಿಯಾಗಿತ್ತು. ವಾಪಸು ಹೊರಟವನಿಗೆ ಮೂಗಿಗೆ ಬಡಿಯಿತು. ಹಳಸಿದ ಪಾಯಸ, ಅತ್ತರು. ಗೂಟದ ಪಕ್ಕದಲ್ಲಿ ಎರಡು ಸಣ್ಣ ಬಿಳಿ ಕಂಬ.

ನಾನು ಕುಂಡದ ಮಣ್ಣು ಸುರಿದು ಹೋದಾಗ ಎರಡನೆಯ ಚಳಿಗಾಲ ಮುಗಿಯಲು ಮೂರೇ ವಾರ ಬಾಕಿ ಇತ್ತು, ಆ ಮಣ್ಣಿನಿಂದಲೇ ಇವು ಎದ್ದಿದ್ದವು. ಬಗ್ಗಿ ಮುಖವಿಟ್ಟು ಮೂಸಿದೆ. ಗೂಟದ ಆಚೆಗೋ ಈಚೆಗೋ ಎಂದು ನೋಡಲಿಲ್ಲ.

ನಮ್ಮ ಹಳೆಯ ಮನೆಯ ಡೆಕ್ಕಿನಿಂದ ಒಬ್ಬಾತ, ಏನಾದರೂ ಬೇಕಿತ್ತೇ ಎಂದು ಕೇಳಿದ. ಹೂ ನೋಡುತ್ತಿದ್ದೆ ಎಂದೆ. ಗಬ್ಬು ನಾರುತ್ತದೆ, ಕೀಳಿಸಬೇಕು ಎಂದಿದ್ದೇನೆ ಎಂದ. ಅಕ್ಟೋಬರಿನವರೆಗೆ ಬಿಡಿ, ಒಂದು ಸದ್ದು ಮಾಡುತ್ತದೆ, ಕೇಳಿ ಆಮೇಲೆ ಕೀಳಿಸಿ ಎಂದೆ. ಪರಿಚಯವಿಲ್ಲದವರಿಗೆ ಆಡಿಸುವಂತೆ ತಲೆಯಾಡಿಸಿದ. ಬಿಟ್ಟನೋ ಇಲ್ಲವೋ ಗೊತ್ತಿಲ್ಲ. ನಾನು ಮತ್ತೆ ಹೋಗಲಿಲ್ಲ. ಮಣ್ಣು ಸುರಿದದ್ದನ್ನು, ಅದು ಬಂದದ್ದನ್ನು ಹೇಳಬೇಕಾದವರೇ ಇರಲಿಲ್ಲ.

ಕೌಂಟರಿನ ಹುಡುಗಿ ನನ್ನ ಹೆಸರನ್ನು ತನಗೆ ಬಂದ ಹಾಗೆ ಕೂಗಿದಳು. ಸೀಸೆಯನ್ನು ಕಪಾಟಿಗೆ ಇಡುವ ಮೊದಲು ಸಾಲಿನಲ್ಲಿ ಆಚೀಚೆ ನೋಡಿದೆ. ನನ್ನಷ್ಟೇ ವಯಸ್ಸಿನ ಒಬ್ಬ ಹೆಂಗಸು ಕನ್ನಡಕ ಮೇಲೇರಿಸಿ ಏನೋ ಓದುತ್ತಿದ್ದರು. ಬಗ್ಗಿ, ನೆಲದ ಹತ್ತಿರ, ಒಂದು ಸಲ ಅಲ್ಲಾಡಿಸಿದೆ. ಗಲಗಲ ಎಂದಿತು.

ಅವರು ಕಾಲು ಎತ್ತಲಿಲ್ಲ.